ಏರುದಾರಿಗೊಂದು ಮಡಚುವ ಸೈಕಲ್ಲು: ಹಳೆಯದನ್ನು ಆರಿಸಿ ಮೋಟಾರು ಕೂಡಿಸುವ ಬಗೆ

(ಉಪನ್ಯಾಸದ ಪಠ್ಯ)



ಮಲೆನಾಡಿನ ಜನ ದಾರಿಯನ್ನು ಅಳೆಯುವಾಗ ಕಿಲೋಮೀಟರಿಗಿಂತ ಏರನ್ನೇ ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬಸ್ ತಂಗುದಾಣದಿಂದ ಮನೆಗೆ ನಾಲ್ಕು ಕಿಲೋಮೀಟರ್ ಎಂದರೆ ಬಯಲುಸೀಮೆಯವರಿಗೆ ಮುಕ್ಕಾಲು ಗಂಟೆಯ ನಡಿಗೆ. ಇಲ್ಲಿ ಅದೇ ನಾಲ್ಕು ಕಿಲೋಮೀಟರಿನೊಳಗೆ ನೂರೈವತ್ತು ಮೀಟರಿನ ಏರು, ಒಂದೆರಡು ಸಂಕ, ಮಳೆಗಾಲದಲ್ಲಿ ಕೊರೆದುಹೋಗುವ ಮಣ್ಣುರಸ್ತೆ ಎಲ್ಲವೂ ಸೇರಿರುತ್ತವೆ. 2023ರ ಜೂನ್ ತಿಂಗಳಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಕೊಟ್ಟಿತು. ಬಸ್ಸು ನಿಂತಲ್ಲಿಗೆ ಆ ಉಪಕಾರವೂ ನಿಲ್ಲುತ್ತದೆ. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಹಂಚಿದ ಸೈಕಲ್ಲುಗಳು ಬಯಲಿನ ಊರುಗಳಲ್ಲಿ ಶಾಲೆಯ ದಾರಿಯನ್ನು ಹತ್ತಿರ ಮಾಡಿದವು. ಗುಡ್ಡದ ಊರುಗಳಲ್ಲಿ ಅಂಥ ಸೈಕಲ್ಲು ಕೊಟ್ಟಿಗೆಯ ಮಾಡಿನಡಿ ತುಕ್ಕು ಹಿಡಿದು ನಿಂತಿರುವುದನ್ನು ಕಾಣದವರು ಕಡಿಮೆ. ಏರಿನಲ್ಲಿ ತಳ್ಳುತ್ತ, ಇಳಿಜಾರಿನಲ್ಲಿ ಹೆದರುತ್ತ ಮಕ್ಕಳು ಎಷ್ಟು ದಿನ ತಾನೇ ತುಳಿದಾರು?

ಈ ಕೊನೆಯ ದಾರಿಗೆಂದು ಕೆಲವರು ಕಂಡುಕೊಂಡ ಉಪಾಯವೇ ಇಂದಿನ ವಿಷಯ. ಯಾರೋ ಬಳಸಿ ಬಿಟ್ಟ ಮಡಚುವ ಸೈಕಲ್ಲೊಂದನ್ನು ಕೊಂಡು, ಅದಕ್ಕೆ ಪುಟ್ಟ ವಿದ್ಯುತ್ ಮೋಟಾರನ್ನೂ ಬ್ಯಾಟರಿಯನ್ನೂ ಕೂಡಿಸುವುದು. ಬೆಳಿಗ್ಗೆ ಇಳಿದು ಬಂದು, ಮಡಚಿ ಬಸ್ಸಿಗೆ ಏರಿಸಿ ಅಥವಾ ತಂಗುದಾಣದ ಬಳಿಯ ಅಂಗಡಿಯ ಮೂಲೆಯಲ್ಲಿ ಇರಿಸಿ, ಸಂಜೆ ಅದರಲ್ಲೇ ಏರಿ ಮನೆ ಸೇರುವುದು. ಮಾರುವವರು ಈ ವಿಷಯದಲ್ಲಿ ಮೊದಲು ಎತ್ತುವ ಮಾತು ಮೋಟಾರಿನದು: ಎಷ್ಟು ವ್ಯಾಟ್, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಎಂದು. ಕೊಳ್ಳುವವರು ಮೊದಲು ನೋಡಬೇಕಾದದ್ದು ಹಳೆಯ ಸೈಕಲ್ಲಿನ ಮೈಕಟ್ಟನ್ನು. ಮೋಟಾರು ಕೆಟ್ಟರೆ ಸೈಕಲ್ಲನ್ನು ತಳ್ಳಿಕೊಂಡಾದರೂ ಮನೆ ಸೇರಬಹುದು. ಹ್ಯಾಂಡಲಿನ ಕೀಲು ಇಳಿಜಾರಿನಲ್ಲಿ ಬಿಟ್ಟುಕೊಂಡರೆ, ಒದ್ದೆ ರಿಮ್ಮಿನಲ್ಲಿ ಬ್ರೇಕು ಜಾರಿದರೆ, ಕಾಲೋ ತಲೆಯೋ ಒಡೆಯುತ್ತದೆ.

ಮಡಚುವ ಸೈಕಲ್ಲಿಗೆ ಈಗ ವಯಸ್ಸಾಗಿದೆ. ಇಂಗ್ಲೆಂಡಿನ ಆಂಡ್ರ್ಯೂ ರಿಚಿ ಅವರು 1970ರ ದಶಕದ ನಡುಭಾಗದಲ್ಲಿ ಲಂಡನ್ನಿನ ತಮ್ಮ ಬಿಡಾರದಲ್ಲಿಯೇ ಮೊದಲ ಮಾದರಿಗಳನ್ನು ಕಟ್ಟಿದರು. ಬಿಡಾರದ ಎದುರಿಗಿದ್ದ ಬ್ರಾಂಪ್ಟನ್ ಇಗರ್ಜಿಯ ಹೆಸರು ಆ ಸೈಕಲ್ಲಿಗೆ ಬಂತು. ಲೇಸರ್ ವಿಜ್ಞಾನಿಯಾಗಿದ್ದ ಡೇವಿಡ್ ಹಾನ್ ಅವರು 1982ರಲ್ಲಿ ಅಮೆರಿಕದಲ್ಲಿ ಡಹಾನ್ ಕಂಪನಿಯನ್ನು ತೆರೆದರು. ಎಪ್ಪತ್ತರ ದಶಕದ ತೈಲ ಬಿಕ್ಕಟ್ಟು ಅವರನ್ನು ಈ ಕೆಲಸಕ್ಕೆ ಎಳೆದಿತ್ತು.  2017ರಲ್ಲಿ ಬ್ರಾಂಪ್ಟನ್ ಕಂಪನಿ ತಾನೇ ವಿದ್ಯುತ್ ಸೈಕಲ್ಲನ್ನು ಪ್ರಕಟಿಸಿದಾಗ ಮೋಟಾರನ್ನು ಮುಂಚಕ್ರದಲ್ಲಿ ಇಟ್ಟಿತು; ಬ್ಯಾಟರಿಯನ್ನು ಕಳಚಿ ಹೆಗಲಿಗೆ ಹಾಕಿಕೊಳ್ಳುವ ಚೀಲದಲ್ಲಿ ಇಟ್ಟಿತು. ಆದರೆ ಇವೆಲ್ಲ ನಗರದ ಡಾಂಬರು ರಸ್ತೆಗಾಗಿ ಹುಟ್ಟಿದ ವಸ್ತುಗಳು. ಮಲೆನಾಡಿಗೆ ತರುವಾಗ ಪ್ರತಿ ಭಾಗವನ್ನೂ ಹೊಸದಾಗಿ ಪ್ರಶ್ನಿಸಬೇಕಾಗುತ್ತದೆ.

ಮೊದಲ ಪ್ರಶ್ನೆ, ಮಡಚುವುದೇ ಬೇಕೇ ಎಂಬುದು. ಬಸ್ಸಿಗೆ ಏರಿಸುವ ಅಗತ್ಯವಿಲ್ಲದವರಿಗೆ, ತಂಗುದಾಣದಲ್ಲಿ ನಂಬಿಕೆಯ ಜಾಗ ಇರುವವರಿಗೆ, ಮನೆಯ ಮಾಡಿನಡಿ ಬೇಕಾದಷ್ಟು ಸ್ಥಳ ಇರುವವರಿಗೆ ದೊಡ್ಡ ಚಕ್ರದ, ಗೇರು ಇರುವ ಸಾಮಾನ್ಯ ಸೈಕಲ್ಲೇ ಒಳ್ಳೆಯದು. ಅದರ ಫ್ರೇಮಿನಲ್ಲಿ ನಡುವೆ ಕೀಲಿಲ್ಲ, ಗುಂಡಿಯನ್ನು ದೊಡ್ಡ ಚಕ್ರ ಸುಲಭವಾಗಿ ದಾಟುತ್ತದೆ, ಬ್ಯಾಟರಿಯನ್ನು ಕೂರಿಸಲು ತ್ರಿಕೋನಾಕಾರದ ಜಾಗ ತಾನಾಗಿಯೇ ಇರುತ್ತದೆ. ಪೇಟೆಯಲ್ಲಿ ಬಾಡಿಗೆ ಕೋಣೆ ಹಿಡಿದು ಓದುವ ವಿದ್ಯಾರ್ಥಿ ವಾರಕ್ಕೊಮ್ಮೆ ಸೈಕಲ್ಲಿನೊಡನೆ ಊರಿಗೆ ಬರುವುದಾದರೆ, ಅಥವಾ ಬಸ್ಸಿನ ಎರಡೂ ತುದಿಯಲ್ಲಿ ದೂರ ಇದ್ದರೆ, ಆಗ ಮಡಚುವುದಕ್ಕೆ ಅರ್ಥ ಬರುತ್ತದೆ. ಚೆಂದ ಕಂಡಿತು ಎಂಬ ಕಾರಣಕ್ಕೆ ಕೊಳ್ಳುವ ವಸ್ತು ಇದಲ್ಲ.

ಬೇಕೆಂದು ನಿಶ್ಚಯವಾದ ಮೇಲೆ, ಸೈಕಲ್ಲನ್ನು ಹುಡುಕುವ ಮುನ್ನ ದಾರಿಯನ್ನು ಅಳೆಯಬೇಕು. ಹತ್ತು ಅಡಿಯ ನೆಟ್ಟಗಿನ ಬಿದಿರುಗಳುವಿನ ಒಂದು ತುದಿಯನ್ನು ಏರಿನ ಮೇಲ್ಭಾಗದಲ್ಲಿ ನೆಲಕ್ಕೆ ತಾಗಿಸಿ, ಅರ್ಧ ನೀರು ತುಂಬಿದ ಬಾಟಲಿಯನ್ನು ಅದರ ಮೇಲೆ ಅಡ್ಡ ಇಟ್ಟು ಮಟ್ಟ ನೋಡಿ, ಇನ್ನೊಂದು ತುದಿ ನೆಲದಿಂದ ಎಷ್ಟು ಮೇಲಿದೆ ಎಂದು ಅಳೆದರಾಯಿತು. ಒಂದು ಅಡಿ ಬಂದರೆ ನೂರಕ್ಕೆ ಹತ್ತರ ಏರು. ಒಟ್ಟು ಎತ್ತರವನ್ನು ತಿಳಿಯಲು ಸರ್ವೆ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆ ಸಾಕು. ಅದರಲ್ಲಿ ಎರಡು ಸಮೋನ್ನತಿ ರೇಖೆಗಳ ನಡುವಿನ ಅಂತರ 20 ಮೀಟರ್. ಭೂಗೋಳ ಓದುವ ಮಕ್ಕಳಿಗೆ ಇದು ಮನೆಪಾಠಕ್ಕೂ ಆಗುತ್ತದೆ.

ಈಗ ಲೆಕ್ಕ. ಅರವತ್ತು ಕಿಲೋ ತೂಕದ ವಿದ್ಯಾರ್ಥಿನಿ, ಅವಳ ಪುಸ್ತಕದ ಚೀಲ ಮತ್ತು ಕೊಡೆ, ಸೈಕಲ್ಲು, ಮೋಟಾರು, ಬ್ಯಾಟರಿ ಎಲ್ಲ ಸೇರಿ ತೊಂಬತ್ತು ಕಿಲೋ ಎಂದುಕೊಂಡರೆ, ನೂರು ಮೀಟರ್ ಎತ್ತರಕ್ಕೆ ಅಷ್ಟನ್ನು ಎತ್ತಲು ಬೇಕಾದ ಶಕ್ತಿ ಸುಮಾರು 25 ವ್ಯಾಟ್-ಗಂಟೆ. ನಾಲ್ಕು ಕಿಲೋಮೀಟರಿನಲ್ಲಿ ನೂರೈವತ್ತು ಮೀಟರ್ ಏರುವ ಮಣ್ಣುರಸ್ತೆಗೆ, ಟಯರಿನ ಎಳೆತವನ್ನೂ ಮೋಟಾರಿನಲ್ಲಿ ಶಾಖವಾಗಿ ಹೋಗುವ ನಷ್ಟವನ್ನೂ ಸೇರಿಸಿ, ಅವಳು ಪೆಡಲನ್ನು ತುಳಿಯದೆ ಸುಮ್ಮನೆ ಕೂತರೂ ಬ್ಯಾಟರಿಯಿಂದ ಖರ್ಚಾಗುವುದು 75ರಿಂದ 80 ವ್ಯಾಟ್-ಗಂಟೆ. ತುಳಿದರೆ ಐವತ್ತರ ಆಸುಪಾಸು. ಸಾಮಾನ್ಯವಾಗಿ ಸಿಗುವ 36 ವೋಲ್ಟ್, 10 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಇರುವುದು 360 ವ್ಯಾಟ್-ಗಂಟೆ. ಬೆಳಗಿನ ಪ್ರಯಾಣ ಹೇಗಿದ್ದರೂ ಇಳಿಜಾರು. ಹಾಗಾಗಿ ಈ ದಾರಿಗೆ 7 ಆಂಪಿಯರ್-ಗಂಟೆಯ ಚಿಕ್ಕ ಬ್ಯಾಟರಿಯೂ ಎರಡು ಮೂರು ದಿನಕ್ಕೆ ಸಾಲುತ್ತದೆ. ಅರವತ್ತು ಎಂಬತ್ತು ಕಿಲೋಮೀಟರ್ ಓಡುತ್ತದೆ ಎಂದು ಹೇಳಿ ಮಾರುವ ದೊಡ್ಡ ಬ್ಯಾಟರಿಗೆ ಕೊಡುವ ಹೆಚ್ಚಿನ ಹಣ ಪ್ರತಿದಿನ ಹೊರಬೇಕಾದ ಹೆಚ್ಚಿನ ತೂಕವಾಗಿ ಹಿಂತಿರುಗುತ್ತದೆ.

ಚಕ್ರ ಚಿಕ್ಕದಾಗಿರುವುದು ಏರಿನಲ್ಲಿ ಒಂದು ವರ. ಇದನ್ನು ಅಂಗಡಿಯವರೂ ಅಷ್ಟಾಗಿ ಹೇಳುವುದಿಲ್ಲ. ಮೋಟಾರು ಚಕ್ರವನ್ನು ತಿರುಚುವ ಬಲ ಅಷ್ಟೇ ಇದ್ದರೂ, ಚಕ್ರ ಚಿಕ್ಕದಾದಷ್ಟೂ ನೆಲವನ್ನು ಹಿಂದಕ್ಕೆ ಒತ್ತುವ ಬಲ ಹೆಚ್ಚು. 30 ನ್ಯೂಟನ್-ಮೀಟರಿನ ತಿರುಚುಬಲ ಕೊಡುವ ಮೋಟಾರು 26 ಇಂಚಿನ ಚಕ್ರದಲ್ಲಿ ಸುಮಾರು 90 ನ್ಯೂಟನ್ ಒತ್ತಿದರೆ, 20 ಇಂಚಿನ ಚಕ್ರದಲ್ಲಿ 120 ನ್ಯೂಟನ್ ಒತ್ತುತ್ತದೆ. ಮೇಲೆ ಹೇಳಿದ ತೊಂಬತ್ತು ಕಿಲೋ ನೂರಕ್ಕೆ ಹತ್ತರ ಮಣ್ಣಿನ ಏರನ್ನು ಹತ್ತಲು ಬೇಕಾದದ್ದು ನೂರು ನ್ಯೂಟನ್. ಎಂದರೆ ಒಂದೇ ಮೋಟಾರು ದೊಡ್ಡ ಚಕ್ರದಲ್ಲಿ ಏದುಸಿರು ಬಿಟ್ಟು ನಿಲ್ಲುವ ಕಡೆ ಚಿಕ್ಕ ಚಕ್ರದಲ್ಲಿ ಮೆಲ್ಲಗೆ ಹತ್ತುತ್ತದೆ. ಮೆಲ್ಲಗೆ ಎಂಬ ಮಾತನ್ನು ಮರೆಯಬಾರದು: 250 ವ್ಯಾಟಿನ ಮೋಟಾರಿಗೆ ಅಂಥ ಏರಿನಲ್ಲಿ ಸಿಗುವ ವೇಗ ಗಂಟೆಗೆ ಎಂಟು ಕಿಲೋಮೀಟರಿನಷ್ಟು, ಕಾಲೂ ಸೇರಿದರೆ ಹತ್ತು ಹನ್ನೊಂದು. ಕಿಟ್ ಕೊಳ್ಳುವಾಗ ಮೋಟಾರು ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಂಥದು ಎಂದು ಕೇಳಬೇಕು. ಇನ್ನೂರು ಸುತ್ತಿನದು 20 ಇಂಚಿನ ಚಕ್ರದಲ್ಲಿ ಗಂಟೆಗೆ ಹತ್ತೊಂಬತ್ತು ಕಿಲೋಮೀಟರಿಗೆ ನಿಲ್ಲುತ್ತದೆ, ಮುನ್ನೂರು ಸುತ್ತಿನದು ಸಮತಟ್ಟಿನಲ್ಲಿ ಇನ್ನಷ್ಟು ಓಡುತ್ತದೆ. ಗುಡ್ಡಕ್ಕೆ ಕಡಿಮೆ ಸುತ್ತಿನದೇ ಸರಿ. ಓಟದ ಆಸೆಗೆ ಹೆಚ್ಚು ಸುತ್ತಿನದನ್ನು ತಂದವರ ಮೋಟಾರು ಏರಿನಲ್ಲಿ ಕಾದ ಕಾವಲಿಯಂತಾಗುತ್ತದೆ.

ಸೈಕಲ್ಲನ್ನು ನೋಡಲು ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ, ಒಂದು ಅಳತೆಪಟ್ಟಿ, ಒಂದು ಬಟ್ಟೆ ಇರಲಿ. ಹಳೆಯ ಮಡಚುವ ಸೈಕಲ್ಲುಗಳು ಹೆಚ್ಚಾಗಿ ದೊರೆಯುವುದು ನಗರಗಳಲ್ಲಿ. 2020-21ರ ಸಾಂಕ್ರಾಮಿಕದ ದಿನಗಳಲ್ಲಿ ಅಲ್ಲಿ ಸೈಕಲ್ಲು ಕೊಂಡವರು ಬಹಳ. ತುಳಿಯುವ ಉತ್ಸಾಹ ಇಳಿದ ಮೇಲೆ ಅವುಗಳಲ್ಲಿ ಎಷ್ಟೋ ಮಹಡಿಯ ಮನೆಗಳ ಬಾಲ್ಕನಿಯಲ್ಲಿ ಉಳಿದವು. ಅಲ್ಪ ಓಡಿ ಬಹಳ ಕಾಲ ನಿಂತ ಸೈಕಲ್ಲು ಒಳ್ಳೆಯದೇ. ಟಯರು ಬಿರುಕು ಬಿಟ್ಟಿರುತ್ತದೆ, ತಂತಿಗಳು ತುಕ್ಕು ಹಿಡಿದಿರುತ್ತವೆ. ಇವು ಕಡಿಮೆ ಖರ್ಚಿನಲ್ಲಿ ಬದಲಾಗುವ ವಸ್ತುಗಳು. ಬದಲಾಗದಿರುವುದು ಫ್ರೇಮು.

ಫ್ರೇಮಿನ ನಡುವಿನ ಕೀಲನ್ನು ಬಟ್ಟೆಯಿಂದ ಒರೆಸಿ ಹಗಲು ಬೆಳಕಿನಲ್ಲಿ ನೋಡಬೇಕು. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂಥ ಗೆರೆ ಕಂಡರೆ, ಬಣ್ಣ ಅಲ್ಲಿ ಮಾತ್ರ ಒಡೆದಿದ್ದರೆ, ಗೆರೆಯಿಂದ ತುಕ್ಕಿನ ನೀರು ಇಳಿದ ಕಲೆ ಇದ್ದರೆ ಚೌಕಾಸಿ ಮಾಡುತ್ತ ನಿಲ್ಲದೆ ಎದ್ದು ಬರಬೇಕು. ಬಿರುಕಿಗೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಬೆಸುಗೆ ಹಾಕಿಸಬಹುದು ಎನ್ನುವವರ ಮಾತಿಗೆ ಕಿವಿಗೊಡಬಾರದು. ಗೇಟಿಗೆ ಒಪ್ಪುವ ಬೆಸುಗೆ ಕೀಲಿಗೆ ಒಪ್ಪುವುದಿಲ್ಲ. ಅನಂತರ ಕೀಲನ್ನು ಮುಚ್ಚಿ, ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದು, ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿ ಕೀಲಿನ ಸಂದಿನ ಮೇಲೆ ಬೆರಳಿಡಬೇಕು. ಸಂದು ಉಸಿರಾಡುವಂತೆ ತೋರಿದರೆ ಕೀಲು ಸವೆದಿದೆ ಎಂದರ್ಥ. ಕೆಲವು ಮಾದರಿಗಳಲ್ಲಿ ಲಿವರಿನ ಬಿಗಿತವನ್ನು ಸ್ಕ್ರೂ ತಿರುಗಿಸಿ ಸರಿಪಡಿಸಬಹುದು. ಸರಿಪಡಿಸಿದ ಮೇಲೂ ಅಲುಗಿದರೆ ಬಿಡುವುದೇ ಲೇಸು. ಲಿವರು ಮುಚ್ಚಿಕೊಂಡ ಮೇಲೆ ತಾನಾಗಿ ತೆರೆಯದಂತೆ ತಡೆಯುವ ಪುಟ್ಟ ಚಿಲಕ ಇದೆಯೇ, ಅದು ಮುರಿದಿದೆಯೇ ಎಂಬುದನ್ನೂ ನೋಡಬೇಕು.

ಹ್ಯಾಂಡಲ್ ಕಂಬದ ಬುಡದಲ್ಲಿರುವ ಇನ್ನೊಂದು ಕೀಲು ಇದಕ್ಕಿಂತ ಮುಖ್ಯ. ನಡುವಿನ ಕೀಲು ಸಡಿಲವಾದರೆ ಸೈಕಲ್ಲು ಒನೆಯುತ್ತ ಎಚ್ಚರಿಸುತ್ತದೆ. ಹ್ಯಾಂಡಲಿನದು ಬಿಟ್ಟುಕೊಂಡರೆ ಎಚ್ಚರಿಸುವ ಸಮಯವೇ ಇರುವುದಿಲ್ಲ. ಮಡಚುವ ಸೈಕಲ್ಲಿನ ಹ್ಯಾಂಡಲ್ ಕಂಬ ಉದ್ದವಾಗಿರುವುದರಿಂದ, ಇಳಿಜಾರಿನಲ್ಲಿ ಸವಾರನ ಭಾರವೆಲ್ಲ ಮುಂದೆ ಬಿದ್ದಾಗ ಸನ್ನೆಕೋಲಿನಂತೆ ಈ ಕೀಲನ್ನು ಮೀಟುತ್ತದೆ. ಎರಡೂ ಕೈಗಳಿಂದ ಹ್ಯಾಂಡಲನ್ನು ಮುಂದಕ್ಕೂ ಹಿಂದಕ್ಕೂ ಬಲವಾಗಿ ತಳ್ಳಿ ಎಳೆದು ನೋಡುವುದರಲ್ಲಿ ಸಂಕೋಚ ಬೇಡ. ಮಾರುವವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಅಯಸ್ಕಾಂತದ ಕೆಲಸ ಮುಂದಿನ ಫೋರ್ಕಿನಲ್ಲಿದೆ. ಅದು ಅಂಟಿದರೆ ಫೋರ್ಕು ಉಕ್ಕಿನದು, ಅಂಟದಿದ್ದರೆ ಅಲ್ಯುಮಿನಿಯಮ್ಮಿನದು. ಹಬ್ ಮೋಟಾರಿನ ಅಚ್ಚು ತಿರುಗುವುದಿಲ್ಲ. ಅಚ್ಚು ಗಟ್ಟಿಯಾಗಿ ನಿಂತು ಚಕ್ರ ಅದರ ಸುತ್ತ ತಿರುಗುತ್ತದೆ. ಚಕ್ರವನ್ನು ಮುಂದಕ್ಕೆ ನೂಕುವ ಬಲದಷ್ಟೇ ಬಲದಿಂದ ಅಚ್ಚು ತನ್ನ ಸೀಳಿನೊಳಗೆ ಹಿಂದಕ್ಕೆ ತಿರುಗಲು ಹವಣಿಸುತ್ತಿರುತ್ತದೆ. ಉಕ್ಕಿನ ಸೀಳು ಒತ್ತಡಕ್ಕೆ ಬಾಗಿ ಸೂಚನೆ ಕೊಡುತ್ತದೆ. ಅಲ್ಯುಮಿನಿಯಂ ಸೀಳು ಸೂಚನೆ ಇಲ್ಲದೆ ಒಡೆದು ಚಕ್ರವನ್ನೇ ಹೊರಕ್ಕೆ ಉಗುಳಬಹುದು. ಹೀಗಾಗಿ ಅಲ್ಯುಮಿನಿಯಂ ಫೋರ್ಕಿಗೆ ಮುಂಚಕ್ರದ ಮೋಟಾರು ಕೂಡದು. ಉಕ್ಕಿನದಾದರೂ ಟಾರ್ಕ್ ಆರ್ಮ್ ಎಂಬ ಉಕ್ಕಿನ ತೋಳನ್ನು ಅಚ್ಚಿಗೆ ತೊಡಿಸಿ ಫೋರ್ಕಿಗೆ ಬಿಗಿಯಲೇಬೇಕು. ಅದರ ಬೆಲೆ ಅಲ್ಪ; ಇಡೀ ಕಿಟ್ಟಿನಲ್ಲಿ ಅದಕ್ಕಿಂತ ಹೆಚ್ಚು ಪ್ರಯೋಜನದ ವಸ್ತು ಇನ್ನೊಂದಿಲ್ಲ.

ಅಳತೆಪಟ್ಟಿಯಿಂದ ಅಳೆಯಬೇಕಾದದ್ದು ಫೋರ್ಕಿನ ಎರಡು ಕಾಲುಗಳ ಒಳ ಅಂತರ. ಸಾಮಾನ್ಯ ಸೈಕಲ್ಲಿನಲ್ಲಿ ಅದು 100 ಮಿಲಿಮೀಟರ್, ಮೋಟಾರುಗಳೂ ಬಹುಪಾಲು ಅದಕ್ಕೇ ಹೊಂದುತ್ತವೆ. ಬ್ರಾಂಪ್ಟನ್ನಿನಲ್ಲಿಯೂ ಡಹಾನಿನ ಅನೇಕ ಮಾದರಿಗಳಲ್ಲಿಯೂ ಅದು 74 ಮಿಲಿಮೀಟರಿನಷ್ಟೇ ಇರುತ್ತದೆ. ಅವುಗಳಿಗೆ ಹೊಂದುವ ಕಿರಿದಾದ ಮೋಟಾರು ಬೇರೆಯೇ ಇದ್ದು, ಊರಿನ ಹತ್ತಿರದಲ್ಲಿ ಸಿಗುವುದು ಕಷ್ಟ. ಹಿಂಬದಿಯಲ್ಲಿ 130ರಿಂದ 135 ಮಿಲಿಮೀಟರ್ ಇದ್ದರೆ ಅನುಕೂಲ. ಇಕ್ಕಟ್ಟಾದ ಫೋರ್ಕನ್ನು ಬಲವಂತವಾಗಿ ಅಗಲಿಸಿ ಮೋಟಾರು ತುರುಕುವ ಚಾಳಿ ಕೆಲವು ಕಡೆ ಇದೆ, ಅದು ಅಪಾಯಕರ. ಟಯರಿನ ಪಕ್ಕದಲ್ಲಿ ಅಚ್ಚಾಗಿರುವ ಸಂಖ್ಯೆಯನ್ನೂ ಓದಿಕೊಳ್ಳಬೇಕು. 406 ಎಂದಿದ್ದರೆ ಮಕ್ಕಳ 20 ಇಂಚಿನ ಸೈಕಲ್ಲಿಗೆ ಬರುವ ಅಳತೆಯೇ ಅದು, ತಾಲ್ಲೂಕು ಕೇಂದ್ರದ ಯಾವ ಸೈಕಲ್ ಅಂಗಡಿಯಲ್ಲಿಯೂ ಟಯರು, ಟ್ಯೂಬು ದೊರೆತೀತು. 451 ಎಂದಿದ್ದರೆ ಅದೂ 20 ಇಂಚೆಂದೇ ಕರೆಸಿಕೊಳ್ಳುತ್ತದೆ, ಆದರೆ ಒಂದರ ಟಯರು ಇನ್ನೊಂದಕ್ಕೆ ಕೂರುವುದಿಲ್ಲ. ಮಳೆಗಾಲದ ನಡುವೆ ಟಯರು ಹರಿದಾಗ ಈ ಸಂಖ್ಯೆಯ ಬೆಲೆ ತಿಳಿಯುತ್ತದೆ. ಮಣ್ಣುರಸ್ತೆಗೆ ಒಂದೂಮುಕ್ಕಾಲು ಇಂಚಿಗಿಂತ ಕಿರಿದಾದ ಟಯರು ಬೇಡ.

ಮೋಟಾರು ಮುಂದಿರಬೇಕೋ ಹಿಂದಿರಬೇಕೋ ಎಂಬ ಚರ್ಚೆ ಹಳೆಯದು. ಮುಂದೆ ಕೂಡಿಸುವುದು ಸುಲಭ, ಚೈನು ಗೇರುಗಳನ್ನು ಮುಟ್ಟಬೇಕಾಗಿಲ್ಲ. ಸಮತಟ್ಟಾದ ಊರಿಗೆ ಅದು ಸಾಕು. ಏರಿನಲ್ಲಿ ಸವಾರನ ಭಾರ ಹಿಂದಕ್ಕೆ ಸರಿದು ಮುಂಚಕ್ರ ಹಗುರಾಗುತ್ತದೆ. ಜಲ್ಲಿಯ ಮೇಲೆ, ಪಾಚಿಗಟ್ಟಿದ ತಿರುವಿನಲ್ಲಿ ಅದು ಸುಮ್ಮನೆ ಗಿರಗಿರನೆ ತಿರುಗಿ ಜಾರುತ್ತದೆ. ಗುಡ್ಡದ ದಾರಿಗೆ ಹಿಂಚಕ್ರದ, ಒಳಗೆ ಗೇರು ಇರುವ ಹಬ್ ಮೋಟಾರೇ ತಕ್ಕದ್ದು. ಒಳಗೇರು ಇಲ್ಲದ, ನೇರವಾಗಿ ತಿರುಗುವ ದೊಡ್ಡ ಹಬ್ ಮೋಟಾರುಗಳೂ ಉಂಟು. ಇಳಿಯುವಾಗ ಅವು ಒಂದಿಷ್ಟು ವಿದ್ಯುತ್ತನ್ನು ಮರಳಿ ಬ್ಯಾಟರಿಗೆ ತುಂಬಬಲ್ಲವು ಎಂಬುದು ಆಕರ್ಷಕವೆನಿಸಿದರೂ, ತೂಕ ಹೆಚ್ಚು, ನಿಧಾನದ ಏರಿನಲ್ಲಿ ಬಲ ಕಡಿಮೆ. ಪೆಡಲಿನ ಬಳಿ ಕೂರುವ ಮೋಟಾರು ಏರಿಗೆ ಎಲ್ಲಕ್ಕಿಂತ ಸಮರ್ಥ, ಏಕೆಂದರೆ ಅದು ಸೈಕಲ್ಲಿನ ಗೇರನ್ನೇ ಬಳಸುತ್ತದೆ. ಆದರೆ ಚೈನು ಬೇಗ ಸವೆಯುತ್ತದೆ, ನೆಲಕ್ಕೆ ತಗ್ಗಾಗಿರುವ ಮಡಚುವ ಸೈಕಲ್ಲಿನಲ್ಲಿ ಕಲ್ಲಿಗೆ ತಾಗುವ ಭಯವಿದೆ, ಬೆಲೆಯೂ ಹೆಚ್ಚು. ಹಳೆಯ ಸೈಕಲ್ಲಿನ ಪೆಡಲ್ ತೋಳನ್ನು ಅಡ್ಡಪಿನ್ನಿನಿಂದ ಬಿಗಿದಿದ್ದರೆ ಅದನ್ನು ಕೂಡಿಸುವುದೂ ಸುಲಭವಲ್ಲ.

ಬ್ರೇಕಿನ ಮಾತಿಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಏರುವಾಗ ಬ್ಯಾಟರಿ ಕೊಟ್ಟ ಶಕ್ತಿಯನ್ನೆಲ್ಲ ಇಳಿಯುವಾಗ ಎಲ್ಲಿಗಾದರೂ ಕಳುಹಿಸಬೇಕು. ತೊಂಬತ್ತು ಕಿಲೋ ನೂರು ಮೀಟರ್ ಇಳಿದರೆ ಹೊರಬೀಳುವ ಶಾಖ ಕಾಲು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಸ್ವಲ್ಪ ಭಾಗ ಗಾಳಿಗೂ ನೆಲಕ್ಕೂ ಹೋಗುತ್ತದೆ. ಮೆಲ್ಲಗೆ ಇಳಿಯುವವರಲ್ಲಿ ಹೆಚ್ಚಿನ ಪಾಲು ರಿಮ್ಮಿಗೂ ಬ್ರೇಕಿನ ರಬ್ಬರಿಗೂ ಸೇರುತ್ತದೆ. ಚಿಕ್ಕ ಚಕ್ರದ ರಿಮ್ಮಿನಲ್ಲಿ ಲೋಹ ಕಡಿಮೆ, ಆದ್ದರಿಂದ ಬೇಗ ಕಾಯುತ್ತದೆ. ಏರಿನಲ್ಲಿ ವರವಾಗಿದ್ದ ಚಿಕ್ಕ ಚಕ್ರ ಇಲ್ಲಿ ಬೆಲೆ ಕೇಳುತ್ತದೆ. ಹೊಳೆಯುವ ಲೇಪದ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕಿನ ಹಿಡಿತ ಬಹುಪಾಲು ಮಾಯವಾಗುತ್ತದೆ. ಆಗುಂಬೆಯಂಥ ಕಡೆ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಸೀಮೆಯಲ್ಲಿ ಉಕ್ಕಿನ ರಿಮ್ಮಿನ ಸೈಕಲ್ಲನ್ನು ಮೋಟಾರಿಗೆ ಆರಿಸುವುದು ಸಲ್ಲ. ಅಯಸ್ಕಾಂತ ರಿಮ್ಮಿಗೂ ತಾಗಲಿ. ಇಲ್ಲಿ ಅದು ಅಂಟಬಾರದು. ಫೋರ್ಕು ಉಕ್ಕಿನದು, ರಿಮ್ಮು ಅಲ್ಯುಮಿನಿಯಮ್ಮಿನದು ಎಂಬುದು ನೆನಪಿಡಲು ಸುಲಭ. ಉದ್ದ ತೋಳಿನ ವಿ-ಬ್ರೇಕು ಅಥವಾ ಡಿಸ್ಕ್ ಬ್ರೇಕು ಎರಡೂ ಚಕ್ರಕ್ಕೆ ಇರಬೇಕು. ಫ್ರೇಮಿನಲ್ಲಿ ಅವನ್ನು ಕೂರಿಸುವ ಗೂಟಗಳೇ ಇಲ್ಲದಿದ್ದರೆ ಮುಂದೆ ಹಾಕಿಸುವ ಆಸೆ ಇಟ್ಟುಕೊಳ್ಳಬಾರದು.

ಮೋಟಾರು ಹಳೆಯದಾದರೂ ಚಿಂತೆಯಿಲ್ಲ ಎನ್ನಬಹುದು, ಬ್ಯಾಟರಿ ಮಾತ್ರ ಹೊಸದಾಗಿರಬೇಕು. ಲಿಥಿಯಂ ಬ್ಯಾಟರಿಯೊಳಗೆ ಎಷ್ಟು ಜೀವ ಉಳಿದಿದೆ ಎಂಬುದು ಹೊರಗಿನಿಂದ ಕಾಣುವುದಿಲ್ಲ. ಹಳೆಯ ಕೋಶಗಳನ್ನು ಬಿಚ್ಚಿ ಮತ್ತೆ ಜೋಡಿಸಿ ಹೊಸ ಹೊದಿಕೆ ಹಾಕಿ ಮಾರುವುದೂ ನಡೆಯುತ್ತದೆ. ಹಳೆಯ ಸೈಕಲ್ಲಿನ ಬೆಲೆಗಿಂತ ಬ್ಯಾಟರಿಯ ಬೆಲೆಯೇ ಹೆಚ್ಚಾಗುವುದು ಸಾಮಾನ್ಯ, ಮನೆಯವರಿಗೆ ಇದನ್ನು ಮೊದಲೇ ತಿಳಿಸಿದರೆ ಜಗಳ ತಪ್ಪುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬಗೆಯದು ಅಷ್ಟೇ ಶಕ್ತಿಗೆ ಒಂದಿಷ್ಟು ಹೆಚ್ಚು ತೂಗಿದರೂ ಬೆಂಕಿಯ ಭಯ ಕಡಿಮೆ, ಆಯುಷ್ಯ ಹೆಚ್ಚು. ಯಾವುದೇ ಬಗೆಯದಾಗಲಿ, ಅದರ ಜೊತೆಗೆ ಬಂದ ಚಾರ್ಜರನ್ನೇ ಬಳಸಬೇಕು. ಅಡಕೆ ಸಿಪ್ಪೆ, ಹುಲ್ಲು, ಸೌದೆ ಇರುವ ಅಟ್ಟದಲ್ಲಿ, ಮನೆಮಂದಿ ಮಲಗಿದ ಮೇಲೆ, ಹೊರಬಾಗಿಲಿಗೆ ಅಡ್ಡವಾಗಿ ಚಾರ್ಜಿಗೆ ಇಡಬಾರದು. ಸಿಮೆಂಟಿನ ಜಗಲಿ, ಎಚ್ಚರವಿರುವ ಹೊತ್ತು, ಇಷ್ಟು ಸಾಕು. ಬಿದ್ದು ನಜ್ಜಾದ, ಉಬ್ಬಿದ ಬ್ಯಾಟರಿಯನ್ನು ಮನೆಯೊಳಗೆ ತರಲೇಬಾರದು, ಬಸ್ಸಿಗಂತೂ ಏರಿಸಲೇಬಾರದು.

ಮಡಚುವ ಸೈಕಲ್ಲಿನಲ್ಲಿ ಬ್ಯಾಟರಿಗೆ ಜಾಗ ಹುಡುಕುವುದೇ ಒಂದು ತೊಡಕು. ಹಿಂದಿನ ಕ್ಯಾರಿಯರಿನ ಮೇಲೆ ಇಟ್ಟರೆ ಮೋಟಾರೂ ಅಲ್ಲೇ ಇರುವುದರಿಂದ ಭಾರವೆಲ್ಲ ಹಿಂದಾಗಿ ಏರಿನಲ್ಲಿ ಮುಂಚಕ್ರ ನೆಲ ಬಿಡುತ್ತದೆ. ಹ್ಯಾಂಡಲಿಗೆ ನೇತುಹಾಕಿದರೆ ಹ್ಯಾಂಡಲು ಭಾರವಾಗಿ ತಿರುವಿನಲ್ಲಿ ಎಳೆಯುತ್ತದೆ. ಹ್ಯಾಂಡಲಿನೊಡನೆ ತಿರುಗದ, ಫ್ರೇಮಿನ ಮುಂತುದಿಗೆ ಭದ್ರವಾಗಿ ಬಿಗಿದ ಕೊಕ್ಕೆಯಲ್ಲಿ ಚೀಲವನ್ನು ಕೂರಿಸುವುದು ಉತ್ತಮ. ಹಾಗೆ ಕೂರಿಸಲು ಮುಂತುದಿಯಲ್ಲಿ ತೂತುಗಳಿರುವ ಫ್ರೇಮು ಸಿಕ್ಕರೆ ಒಂದಿಷ್ಟು ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ. ತಂತಿಗಳು ಕೀಲನ್ನು ದಾಟುವ ಕಡೆ ಒಂದು ಗೇಣು ಸಡಿಲ ಬಿಟ್ಟು, ಮಡಚಿ ಬಿಚ್ಚಿ ಹತ್ತು ಸಲ ನೋಡಬೇಕು. ಕೀಲಿನ ಬಾಯಿಗೆ ಸಿಕ್ಕಿದ ತಂತಿಯೇ ಮುಂದೆ ಕಿಡಿ ಹಾರಿಸುತ್ತದೆ. ಮೋಟಾರಿನ ತಂತಿ ಅಚ್ಚಿನೊಳಗೆ ಹೊಗುವ ಕಡೆ ಕೆಳಮುಖವಾಗಿ ಒಂದು ಬಳುಕು ಕೊಟ್ಟರೆ ಮಳೆನೀರು ಒಳಗೆ ಇಳಿಯದೆ ಅಲ್ಲಿಂದಲೇ ತೊಟ್ಟಿಕ್ಕುತ್ತದೆ.

ಇನ್ನು ಬಸ್ಸು. ಹನ್ನೆರಡರಿಂದ ಹದಿನಾಲ್ಕು ಕಿಲೋ ಇದ್ದ ಸೈಕಲ್ಲು ಮೋಟಾರು, ಬ್ಯಾಟರಿ ಸೇರಿದ ಮೇಲೆ ಇಪ್ಪತ್ತರ ಹತ್ತಿರ ಬರುತ್ತದೆ. ಕೊಳ್ಳುವ ಮುನ್ನ ಮಡಚಿದ ಸೈಕಲ್ಲಿಗೆ ಐದು ಲೀಟರ್ ನೀರು ತುಂಬಿದ ಕ್ಯಾನನ್ನು ಕಟ್ಟಿ, ಬಸ್ಸಿನ ಮೊದಲ ಮೆಟ್ಟಿಲಿನ ಎತ್ತರದ ಕಟ್ಟೆಗೆ ಎತ್ತಿ ನೋಡಬೇಕು. ಎತ್ತಬೇಕಾದವರು ಮುಂದೆ ಅದನ್ನು ಬಳಸುವವರೇ, ಅವರ ಅಣ್ಣನೋ ಅಪ್ಪನೋ ಅಲ್ಲ. ಎತ್ತಲಾಗದಿದ್ದರೆ ಮಡಚುವುದರ ಪ್ರಯೋಜನ ಅಲ್ಲಿಗೇ ಮುಗಿಯಿತು. ಬ್ಯಾಟರಿ ಕಳಚುವಂತಿದ್ದರೆ ಭಾರ ಎರಡು ಪಾಲಾಗುತ್ತದೆ. ಲಗೇಜಿನ ಮಾತನ್ನು ದಾರಿಯ ಕಂಡಕ್ಟರರೊಡನೆ ಮುಂಚೆಯೇ ಆಡಿಕೊಂಡು, ಜನದಟ್ಟಣೆಯ ಬಸ್ಸನ್ನು ಬಿಟ್ಟರೆ ಮನಸ್ತಾಪ ಕಡಿಮೆ.

ಕಾನೂನಿನ ವಿಷಯ ಚಿಕ್ಕದು. ಭಾರತದ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ 250 ವ್ಯಾಟಿನೊಳಗಿನ ಮೋಟಾರು, ಗಂಟೆಗೆ 25 ಕಿಲೋಮೀಟರಿನೊಳಗಿನ ವೇಗ ಇದ್ದರೆ ಅದನ್ನು ಮೋಟಾರು ವಾಹನವೆಂದು ಎಣಿಸುವುದಿಲ್ಲ. ನೋಂದಣಿ, ಪರವಾನಗಿ ಬೇಡ. 500, 750 ವ್ಯಾಟಿನ ಕಿಟ್ಟುಗಳನ್ನು ಸೈಕಲ್ ಕಿಟ್ಟೆಂದೇ ಮಾರುವವರಿದ್ದಾರೆ. ಅವನ್ನು ಕೂಡಿಸಿದೊಡನೆ ಸೈಕಲ್ಲು ನಿಯಮದ ಆಚೆ ಹೋಗುತ್ತದೆ, ಮಡಚುವ ಕೀಲಿಗೂ ಆ ಬಲ ಮೀರಿದ್ದು. ಹೆಲ್ಮೆಟ್ಟನ್ನು ನಿಯಮ ಕೇಳಲಿ ಬಿಡಲಿ, ಇಳಿಜಾರು ಕೇಳುತ್ತದೆ. ಹಳೆಯ ಸೈಕಲ್ಲಿನ ಅಡಿಯಲ್ಲಿ ಕೊರೆದಿರುವ ಕ್ರಮಸಂಖ್ಯೆಯನ್ನು ಬರೆದು, ಮಾರಿದವರ ಸಹಿಯೊಡನೆ ಒಂದು ಚೀಟಿ ಪಡೆಯುವುದು ಉಚಿತ. ಸಂಖ್ಯೆಯನ್ನು ಉಜ್ಜಿ ಅಳಿಸಿದ್ದರೆ ಅದು ಕದ್ದ ಮಾಲು ಆಗಿರಬಹುದು.

ಪರಿಸರದ ಮಾತನ್ನು ಇಷ್ಟು ಹೊತ್ತು ಎತ್ತದಿರುವುದಕ್ಕೆ ಕಾರಣವಿದೆ. ವಿದ್ಯುತ್ ಎಂದೊಡನೆ ಹಸಿರು ಎನ್ನುವುದನ್ನು ಈ ಸೀಮೆಯ ಜನ ಸುಲಭವಾಗಿ ಒಪ್ಪುವವರಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರ ಮೊಮ್ಮಕ್ಕಳು ಇಂದೂ ಭೂಮಿಯ ಹಕ್ಕಿಗಾಗಿ ಅಲೆಯುತ್ತಿದ್ದಾರೆ. ಅದೇ ಶರಾವತಿ ಕಣಿವೆಯಲ್ಲಿ 2,000 ಮೆಗಾವ್ಯಾಟಿನ ಭೂಗತ ಪಂಪ್ಡ್ ಸ್ಟೋರೇಜ್ ಯೋಜನೆಯ ವಿರುದ್ಧ ಜನ ದನಿಯೆತ್ತಿದ್ದಾರೆ. ಈ ಸೈಕಲ್ಲು ಬಳಸುವ ವಿದ್ಯುತ್ತು ಒಂದು ಪೂರ್ಣ ಚಾರ್ಜಿಗೆ ಅರ್ಧ ಯೂನಿಟ್ಟಿಗಿಂತ ಕಡಿಮೆ. ಆದರೆ ಅದರ ನಿಜವಾದ ಪರಿಸರಭಾರ ಇರುವುದು ಬ್ಯಾಟರಿಯ ಗಣಿಗಾರಿಕೆಯಲ್ಲಿ, ತಯಾರಿಕೆಯಲ್ಲಿ. ಒಂದೇ ವರ್ಷಕ್ಕೆ ಮೂಲೆ ಸೇರಿದರೆ ಮಾಡಿದ್ದೆಲ್ಲ ವ್ಯರ್ಥ. ಏಳೆಂಟು ವರ್ಷ ಓಡಿದರೆ, ಒಂದು ಮೋಪೆಡ್ಡನ್ನು ಕೊಳ್ಳುವುದನ್ನು ತಪ್ಪಿಸಿದರೆ, ಅದಕ್ಕೆ ಬೆಲೆಯುಂಟು. ಹಳೆಯ ಫ್ರೇಮನ್ನು ಇಷ್ಟು ಪರೀಕ್ಷಿಸಿ ಆರಿಸುವುದು ಅದಕ್ಕಾಗಿಯೇ. ಸತ್ತ ಬ್ಯಾಟರಿಯನ್ನು ಹಳ್ಳಕ್ಕೆ ಎಸೆಯದೆ ಮಾರಿದ ಅಂಗಡಿಗೆ ಮರಳಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಂಗ್ರಹದ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಅಂಗಡಿಯವರು ಮೊದಲ ಸಲ ಒಪ್ಪದಿದ್ದರೆ ನಿಯಮದ ಹೆಸರನ್ನು ಹೇಳಿ ಕೇಳಬಹುದು.

ಮೋಟಾರು ಕೂಡಿಸಿದ ಮೊದಲ ವಾರ ಚಕ್ರದ ಕಡ್ಡಿಗಳು ಸಡಿಲವಾಗುತ್ತವೆ, ಅಚ್ಚಿನ ನಟ್ಟುಗಳು ಕೂಡ. ಐವತ್ತು ಕಿಲೋಮೀಟರ್ ಆದ ಮೇಲೆ ಒಮ್ಮೆ, ಇನ್ನೂರಕ್ಕೆ ಇನ್ನೊಮ್ಮೆ ಎರಡನ್ನೂ ಬಿಗಿಸಬೇಕು. ಕೀಲಿನ ಬೆಸುಗೆಯನ್ನು ತಿಂಗಳಿಗೊಮ್ಮೆ ಒರೆಸಿ ನೋಡುವುದು, ಬ್ರೇಕಿನ ರಬ್ಬರನ್ನು ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ನೋಡುವುದು. ಕೆಂಪುಮಣ್ಣಿನ ಕೆಸರು ಅದನ್ನು ಅರದಂತೆ ತಿನ್ನುತ್ತದೆ. ಜಡಿಮಳೆಯ ತಿಂಗಳುಗಳಲ್ಲಿ ದಾರಿ ಕೊಚ್ಚಿಹೋದಾಗ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಕಳಚಿ, ಒಲೆಯ ಶಾಖ ತಾಗದ ಒಣ ಜಾಗದಲ್ಲಿ ಇಟ್ಟು, ತಿಂಗಳಿಗೊಮ್ಮೆ ನೋಡುತ್ತಿದ್ದರೆ ಮಳೆ ಬಿಟ್ಟ ಮೇಲೆ ಮತ್ತೆ ಬಳಕೆಗೆ ಬರುತ್ತದೆ.